ರುಜು ಹಾಕುವ ಮುನ್ನ

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ. ರದ್ದಾಗಿದೆ. ಕಾಯಿಲೆಗೆ ಹೆದರಿ ಕೂಡಿಟ್ಟ ಹಣದ ಮೇಲೂ ತೆರಿಗೆ ಎತ್ತುತ್ತಿದ್ದುದೇ ಅನ್ಯಾಯ. ಅದು ಹೋದದ್ದು ಒಳ್ಳೆಯದಾಯಿತು. ಆದರೆ ಕಂತು ಇಳಿಯಿತೆಂಬ ಒಂದೇ ಮಾತಿಗೆ ಮರುಳಾಗಿ ರುಜು ಹಾಕಬಾರದೆಂದು ನಮ್ಮ ವಾಚಕರಲ್ಲಿ ನಮ್ಮ ವಿನಂತಿ.

ಮೊದಲು ಗಿರಣಿ ಕಾರ್ಮಿಕರ ಮಾತು. ಇ.ಎಸ್.ಐ. ಇರುವವನು ಸಂಬಳದ ಶೇಕಡಾ 0.75 ಕೊಡುತ್ತಾನೆ, ಮಾಲೀಕ 3.25 ಕೊಡುತ್ತಾನೆ. ಕುಟುಂಬಕ್ಕೆಲ್ಲ ಚಿಕಿತ್ಸೆಯುಂಟು. ಇಷ್ಟು ಅಗ್ಗದ ರಕ್ಷಣೆಯನ್ನು ಯಾವ ಕಂಪನಿಯೂ ಮಾರುವುದಿಲ್ಲ. ಆದರೆ 2017ರಲ್ಲಿ ಗೊತ್ತುಮಾಡಿದ 21,000 ರೂಪಾಯಿ ಮಿತಿಯನ್ನು ಸಂಬಳ ದಾಟಿದರೆ ಆ ರಕ್ಷಣೆ ತಪ್ಪುತ್ತದೆ. ಸಂಬಳ ಆ ಅಂಚಿಗೆ ಬಂದವರು ಮುಂಚಿತವಾಗಿಯೇ ಬೇರೆ ಏರ್ಪಾಡು ಮಾಡಿಕೊಳ್ಳಲಿ. ಏಕೆಂದರೆ ಮೊದಲೇ ಇದ್ದ ರೋಗಗಳಿಗೆ ಖಾಸಗಿ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಬೇಕಾದೀತು.

ಚಿಲ್ಲರೆ ವ್ಯಾಪಾರಿಗೆ ಮಾಲೀಕನೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಬಿ.ಪಿ.ಎಲ್. ಕಾರ್ಡಿದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯುಂಟು. ಮೊದಲು ಅದನ್ನು ಪಡೆಯಲಿ. ಅದಿಲ್ಲದವರು ಪಾಲಿಸಿ ಕೊಳ್ಳುವಾಗ ಕಂತನ್ನಷ್ಟೇ ನೋಡದೆ ಕೋಣೆ ಬಾಡಿಗೆಯ ಷರತ್ತನ್ನು ನೋಡಬೇಕು. 2 ಲಕ್ಷದ ಪಾಲಿಸಿಯಲ್ಲಿ ಬಾಡಿಗೆ ಶೇಕಡಾ 2 ಎಂದಿದ್ದರೆ ದಿನಕ್ಕೆ 4,000 ರೂಪಾಯಿ. 8,000ದ ಕೋಣೆ ಹಿಡಿದರೆ ಬಾಡಿಗೆ ಮಾತ್ರವಲ್ಲ, ವೈದ್ಯರ ಫೀ, ಶಸ್ತ್ರಚಿಕಿತ್ಸೆಯ ಖರ್ಚುಗಳಲ್ಲಿಯೂ ಅರ್ಧ ಕತ್ತರಿ ಬೀಳಬಹುದು. ಅಗ್ಗದ ಕಂತಿನ ಗುಟ್ಟು ಹಲವು ವೇಳೆ ಇಲ್ಲಿಯೇ ಇರುತ್ತದೆ.

ದೊಡ್ಡ ಮೊತ್ತದ ಪಾಲಿಸಿ ಕೈಗೆಟುಕದವರಿಗೆ ಸೂಪರ್ ಟಾಪ್ ಅಪ್ ಎಂಬ ಪೂರಕ ವಿಮೆಯುಂಟು. 3 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 3 ಲಕ್ಷ ದಾಟಿದ ಖರ್ಚಿಗೆ ಈ ಪೂರಕ ಪಾಲಿಸಿ: ಎರಡೂ ಸೇರಿದರೂ ಒಂದೇ ದೊಡ್ಡ ಪಾಲಿಸಿಗಿಂತ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ. ಬರಿಯ ಟಾಪ್ ಅಪ್ ಒಂದೊಂದು ಸಲದ ಬಿಲ್ಲನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಸೂಪರ್ ಟಾಪ್ ಅಪ್ ವರ್ಷದ ಖರ್ಚನ್ನೆಲ್ಲ ಕೂಡಿಸುತ್ತದೆ. ಈ ಭೇದ ಮರೆಯಬಾರದು.

ಸಕ್ಕರೆ ಕಾಯಿಲೆಯನ್ನು ಬರೆಯಬೇಡಿ ಎನ್ನುವ ಏಜೆಂಟನನ್ನು ನಂಬಬೇಡಿ. ಅವನ ಕಮಿಷನ್ ಅವನಿಗೆ ಬಂದಿರುತ್ತದೆ. ಆಸ್ಪತ್ರೆಯ ಬಿಲ್ಲು ಮಾತ್ರ ನಿಮ್ಮ ತಲೆಗೆ ಬೀಳುತ್ತದೆ. ಪಾಲಿಸಿ ಕೈಸೇರಿದ ಮೇಲೂ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಅಷ್ಟರೊಳಗೆ ಅದನ್ನು ಸಂಘದ ಕಚೇರಿಗೆ ತಂದು ಓದಿಸಿಕೊಳ್ಳಿ.

ಇದೆಲ್ಲ ಇಂದಿನ ಉಪಾಯವೇ ಹೊರತು ಪರಿಹಾರವಲ್ಲ. ಇ.ಎಸ್.ಐ. ಮಿತಿ ಏರಬೇಕು, ಅಂಗಡಿಕಾರನಿಗೂ ಅದರ ಬಾಗಿಲು ತೆರೆಯಬೇಕು, ಜಿಲ್ಲಾ ಆಸ್ಪತ್ರೆಯಲ್ಲಿ ಔಷಧಿಯೂ ವೈದ್ಯರೂ ಇರಬೇಕು. ಕಾರ್ಮಿಕನೂ ವ್ಯಾಪಾರಿಯೂ ಕೂಡಿ ಕೇಳಿದರೆ ಮಾತ್ರ ಇದು ಆದೀತು.