ಪೆನ್ನಿಗೆ ವಿದಾಯ: ಚಿಲ್ಲರೆ ಡಬ್ಬಿ ಖಾಲಿ ಮಾಡುವ ಮುನ್ನ

ಆಣೆ ಹೋಯಿತು, ನಯಾಪೈಸೆ ಹೋಯಿತು, 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಹೋಯಿತು. ಈಗ ನಾವು ಬಂದು ನೆಲೆಸಿರುವ ಅಮೆರಿಕಾದ ಪೆನ್ನಿಯ ಸರದಿ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಚಲಾವಣೆಗೆಂದು ಕೊನೆಯ ಪೆನ್ನಿಗಳನ್ನು ಅಚ್ಚು ಹಾಕಿದರು. 1793ರಲ್ಲಿ ಶುರುವಾದ ಪದ್ಧತಿ ಅಲ್ಲಿಗೆ ಮುಗಿಯಿತು. ಕಾರಣ ಸರಳ ಲೆಕ್ಕ: 2024ರ ಆರ್ಥಿಕ ವರ್ಷದಲ್ಲಿ ಒಂದು ಸೆಂಟಿನ ನಾಣ್ಯ ತಯಾರಿಸಲು ತಗುಲಿದ್ದು 3.69 ಸೆಂಟ್!

ಅಂದಿನಿಂದ ನಮ್ಮ ಬಂಧುಗಳಲ್ಲಿ ಎರಡು ಬಗೆಯ ಗಡಿಬಿಡಿ ಕಾಣುತ್ತಿದೆ. ಕೆಲವರಿಗೆ ಡಬ್ಬಿಯಲ್ಲಿರುವ ಪೆನ್ನಿ ನಾಳೆಯೇ ನಡೆಯದೇ ಹೋದೀತೆಂಬ ಭಯ. ಇನ್ನು ಕೆಲವರಿಗೆ ಅದೇ ಡಬ್ಬಿಯಿಂದ ಮಗಳ ಕಾಲೇಜು ಫೀಸು ಹುಟ್ಟೀತೆಂಬ ಆಸೆ. ಎರಡೂ ಸರಿಯಲ್ಲ. ನಾಲ್ಕಾಣೆಯ ಕಾನೂನು ಮಾನ್ಯತೆಯನ್ನೇ ಭಾರತ ಸರ್ಕಾರ ಹಿಂತೆಗೆದುಕೊಂಡಿತ್ತು. ಇಲ್ಲಿ ನಿಂತಿರುವುದು ತಯಾರಿಕೆ ಮಾತ್ರ, ಪೆನ್ನಿಯ ಮಾನ್ಯತೆ ಹಾಗೇ ಇದೆ. ಇನ್ನು ಆಸೆಯ ವಿಷಯ. ಖಜಾನೆಯ ಅಂದಾಜಿನಂತೆ ಚಲಾವಣೆಯಲ್ಲಿರುವ ಪೆನ್ನಿಗಳು ಸುಮಾರು 30 ಸಾವಿರ ಕೋಟಿ. ಇಷ್ಟು ರಾಶಿ ಇರುವ ವಸ್ತು ತಯಾರಿಕೆ ನಿಂತ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ಸಾಮಾನ್ಯ ಪೆನ್ನಿಗೆ ಸಾವಿರಾರು ಡಾಲರ್ ಬೆಲೆ ಹಚ್ಚಿದ ಜಾಹೀರಾತು ಕಂಡರೆ, ಅದು ಮಾರುವವರು ಕೇಳುವ ಬೆಲೆ ಅಷ್ಟೇ, ಕೊಳ್ಳುವವರು ಕೊಟ್ಟ ಬೆಲೆಯಲ್ಲ ಎಂದು ತಿಳಿಯಿರಿ.

ಹಾಗೆಂದು ಕಣ್ಣುಮುಚ್ಚಿ ಡಬ್ಬಿಯನ್ನು ಎಣಿಸುವ ಯಂತ್ರಕ್ಕೆ ಸುರಿಯಬೇಡಿ. ಹಲವು ಯಂತ್ರಗಳು ಕಮಿಷನ್ ಹಿಡಿಯುತ್ತವೆ, ಅದು ಬೇರೆ ಮಾತು. ನಮ್ಮ ಅನುಭವದಲ್ಲಿ ನಿಜವಾದ ಲಾಭ ಇರುವುದು ಪೆನ್ನಿಯಲ್ಲಿ ಅಲ್ಲವೇ ಅಲ್ಲ, ಡೈಮ್ ಮತ್ತು ಕ್ವಾರ್ಟರ್‌ಗಳಲ್ಲಿ. 1964 ಅಥವಾ ಅದಕ್ಕೂ ಹಿಂದಿನ ಇಸವಿ ಇದ್ದರೆ ಅದು ಶೇ. 90 ಬೆಳ್ಳಿ. ಇಸವಿ ಓದಲಾಗದಿದ್ದರೆ ಅಂಚು ನೋಡಿ: ತಾಮ್ರದ ಕಂದು ಗೆರೆ ಕಂಡರೆ ಹೊಸದು, ಇಡೀ ಅಂಚು ಬೆಳ್ಳಗಿದ್ದರೆ ಬೆಳ್ಳಿ. ಒಂದು ಕ್ವಾರ್ಟರ್‌ನಲ್ಲಿ ಸುಮಾರು 0.18 ಔನ್ಸ್ ಬೆಳ್ಳಿ ಇದೆ. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿ ಔನ್ಸ್‌ಗೆ 50 ಡಾಲರ್ ದಾಟಿತ್ತು. ಆ ದರ ಹಿಡಿದರೆ 25 ಸೆಂಟಿನ ನಾಣ್ಯದೊಳಗೆ 9 ಡಾಲರ್ ಬೆಳ್ಳಿ! ಯುದ್ಧಕಾಲದ ಕೆಲವು ನಿಕಲ್‌ಗಳಲ್ಲೂ (1942ರಿಂದ 45) ಶೇ. 35 ಬೆಳ್ಳಿ ಉಂಟು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡಕ್ಷರದಲ್ಲಿ ಪಿ, ಡಿ ಅಥವಾ ಎಸ್ ಇದ್ದರೆ ಅದೇ.

ಪೆನ್ನಿಗಳಲ್ಲಿ ಗೋಧಿ ತೆನೆ ಇರುವವು 1909ರಿಂದ 1958ರವರೆಗಿನವು. ಬಹುಪಾಲು ಕೆಲವೇ ಸೆಂಟು ಬಾಳುತ್ತವೆ. ಆದರೆ 1909ರ ಇಸವಿಯ ಕೆಳಗೆ ಎಸ್ ಅಕ್ಷರ, ಹಿಂಬದಿಯ ತಳದಲ್ಲಿ ವಿ.ಡಿ.ಬಿ. (ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಹೆಸರಿನ ಮೊದಲಕ್ಷರಗಳು) ಎರಡೂ ಇದ್ದರೆ ಸವೆದಿದ್ದರೂ ನೂರಾರು ಡಾಲರ್. ಅಂಥವು ಅಚ್ಚಾದದ್ದು 4,84,000 ಮಾತ್ರ. 1943ರಲ್ಲಿ ತಾಮ್ರ ಯುದ್ಧಕ್ಕೆ ಬೇಕಾದ್ದರಿಂದ ಪೆನ್ನಿಯನ್ನು ಉಕ್ಕಿನಲ್ಲಿ ಮಾಡಿದರು. ತಪ್ಪಿ ತಾಮ್ರದಲ್ಲಿ ಅಚ್ಚಾದ ಬೆರಳೆಣಿಕೆಯಷ್ಟು ಲಕ್ಷ ಡಾಲರ್ ಮೀರಿ ಮಾರಾಟವಾಗಿವೆ. ನಿಮ್ಮ ಕೆಂಪು 1943 ಫ್ರಿಜ್ಜಿನ ಮೇಲಿನ ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರದ ಲೇಪ ಕೊಟ್ಟ ಉಕ್ಕು, ಸಂಭ್ರಮ ಬೇಡ. ಅಂಟದಿದ್ದರೂ ನಕಲಿ ಇರಬಹುದು, ತಜ್ಞರಿಗೆ ತೋರಿಸಿ.

ಒಂದು ಮಾತು ವಿಶೇಷವಾಗಿ ನಮ್ಮ ಮನೆಗಳಿಗೆ. ಹಳೆಯ ನಾಣ್ಯ ಕಂಡೊಡನೆ ದೇವರ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ಉಜ್ಜುವ ಅಭ್ಯಾಸ ನಮ್ಮದು. ದಯವಿಟ್ಟು ಬೇಡ! ಸಂಗ್ರಾಹಕರು ಬೆಲೆ ಕೊಡುವುದು ಆ ಮಾಸಲು ಬಣ್ಣಕ್ಕೇ. ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯೂ ಸಿಗದಿರಬಹುದು.

1982ಕ್ಕೆ ಮುಂಚಿನ ಪೆನ್ನಿ ಶೇ. 95 ತಾಮ್ರ, 3.11 ಗ್ರಾಂ, ಈಚಿನದು ತಾಮ್ರ ಲೇಪದ ಸತು, 2.5 ಗ್ರಾಂ. 1982ರಲ್ಲಿ ಎರಡೂ ಬಂದವು, ಅಡುಗೆಮನೆಯ ತಕ್ಕಡಿಯೇ ಹೇಳುತ್ತದೆ. ತಾಮ್ರದ ಆಸೆಗೆ ಕರಗಿಸಲು ಹೋಗಬೇಡಿ. ಪೆನ್ನಿ, ನಿಕಲ್ ಕರಗಿಸುವುದನ್ನು 2006ರ ಡಿಸೆಂಬರ್‌ನಲ್ಲೇ ನಿಷೇಧಿಸಿದ್ದಾರೆ. ಊರಿಗೆ ಹೊರಟಾಗ ಅಣ್ಣನ ಮಕ್ಕಳಿಗೆಂದು ಒಯ್ಯುವವರಿಗೂ ಅದೇ ನಿಯಮದಲ್ಲಿ ಮಿತಿ ಇದೆ: ಇವೆರಡು ನಾಣ್ಯ ಸೇರಿ ಒಬ್ಬರಿಗೆ 5 ಡಾಲರ್, ಹವ್ಯಾಸದ ಸಂಗ್ರಹಕ್ಕೆಂದು ಸ್ಪಷ್ಟವಿದ್ದರೆ 25 ಡಾಲರ್.