ಸ್ಮರಣಿಕೆಯಲ್ಲೂ ಕನ್ನಡ ನಾಡು ಇರಲಿ

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಸನ್ಮಾನಗಳ ಸುಗ್ಗಿ. ಶಾಲು, ಹಾರ, ಫಲಪುಷ್ಪದ ಜೊತೆಗೊಂದು ಸ್ಮರಣಿಕೆ. ಅದು ಹೆಚ್ಚಾಗಿ ಚಿನ್ನದ ಬಣ್ಣದ ಪ್ಲಾಸ್ಟಿಕ್ ಫಲಕ. ಅದರಲ್ಲಿ ಕನ್ನಡವೆಂದರೆ ಅಂಟಿಸಿದ ಹೆಸರಿನ ಪಟ್ಟಿ ಮಾತ್ರ. ಬದಲಿಗೆ ಚನ್ನಪಟ್ಟಣದ ಅರಗಿನ ಸಾಮಾನುಗಳನ್ನು ಏಕೆ ಕೊಡಬಾರದು?

ಬೆಂಗಳೂರು-ಮೈಸೂರು ದಾರಿಯಲ್ಲಿರುವ ಈ ಊರಿನ ಬೊಂಬೆಗಳನ್ನು ನಾವೆಲ್ಲ ಬಲ್ಲೆವು. ಅವುಗಳಿಗೆ ಬಣ್ಣ ಹತ್ತುವ ಬಗೆಯನ್ನು ಬಲ್ಲವರು ಕಡಿಮೆ. ಒಣಗಿಸಿದ ಹಾಲೆ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆಲ್ಲ ಹರಡುತ್ತದೆ. ಕುಂಚದ ಹಂಗಿಲ್ಲ. ಕೊನೆಗೆ ಕೇದಗೆ ಎಲೆಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಜಪಾನಿನ ಹೆಸರಾಂತ ಮೆರುಗಿನ ಪಾತ್ರೆಗಳಿಗೆ ಬಳಿಯುವುದು ಮರದ ರಸವನ್ನು. ನಮ್ಮದು ಕೀಟ ಸ್ರವಿಸುವ ಅರಗು. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದಂಥ ಸಸ್ಯಮೂಲದ ಬಣ್ಣಗಳನ್ನು ಬಳಸುವವರೂ ಇದ್ದಾರೆ.

2005-06ರಲ್ಲೇ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆಯಿಂದ ಹೊಟ್ಟೆ ತುಂಬದು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಎದುರು ನಿಲ್ಲಬೇಕಾದ ಕುಶಲಕರ್ಮಿಗೆ ಬೇಕಿರುವುದು ಕೈತುಂಬ ಕೆಲಸ. ವೇದಿಕೆಯಲ್ಲಿ ನಾಡಿನ ಕಲೆಯನ್ನು ಹೊಗಳಿ, ಕೈಗೆ ಪ್ಲಾಸ್ಟಿಕ್ ಕೊಡುವುದು ಯಾವ ಅಭಿಮಾನ?

ಹಿರಿಯರಿಗೆ ಬೊಂಬೆ ಕೊಡುವುದು ಹೇಗೆಂಬ ಸಂಕೋಚ ಬೇಡ. ಕುಂಕುಮದ ಭರಣಿ, ಬಟ್ಟಲು, ಪೆನ್ನಿನ ಸ್ಟ್ಯಾಂಡು, ಬಳೆ ಎಲ್ಲವೂ ಅಲ್ಲಿ ತಯಾರಾಗುತ್ತವೆ. ಖರ್ಚು ಹೆಚ್ಚೆನಿಸಿದರೆ ಸನ್ಮಾನಿತರ ಪಟ್ಟಿಯನ್ನು ತುಸು ಮೊಟಕುಗೊಳಿಸಿದರಾಯಿತು, ಸಭಿಕರೂ ಸಂತೋಷಪಟ್ಟಾರು!

ಒಂದು ಎಚ್ಚರ ಮಾತ್ರ ಅಗತ್ಯ. ಹಸಿ ಮರವನ್ನು ಕಡೆದರೆ ಆಮೇಲೆ ಬಿರುಕು ಬಿಡುತ್ತದೆ. ಮರ ಚೆನ್ನಾಗಿ ಒಣಗಲು ತಿಂಗಳುಗಳೇ ಬೇಕು. ರಾಜ್ಯೋತ್ಸವಕ್ಕೆ ವಾರವಿದೆ ಎನ್ನುವಾಗ ನೂರು ಸ್ಮರಣಿಕೆ ಕೇಳಿದರೆ ಯಾವ ಕುಶಲಕರ್ಮಿಯೂ ಒದಗಿಸಲಾರ. ಆಗ ಕೈಗೆ ಸಿಗುವುದು ಮತ್ತೆ ಪೇಟೆಯ ಪ್ಲಾಸ್ಟಿಕ್ಕೇ. ಆದ್ದರಿಂದ ಪದಾಧಿಕಾರಿಗಳು ಜುಲೈ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಈ ವಿಷಯವನ್ನು ತೀರ್ಮಾನಿಸಲಿ. ಮಧ್ಯವರ್ತಿಗಳಿಲ್ಲದೆ ನೇರವಾಗಿ ಕುಶಲಕರ್ಮಿಗಳಿಗೇ ಆರ್ಡರ್ ಕೊಡಲಿ, ಮುಂಗಡ ಹಣವನ್ನೂ ಕಳುಹಿಸಲಿ. ನಾಲ್ಕಾರು ಸಂಘಗಳು ಒಟ್ಟಾಗಿ ತರಿಸಿಕೊಂಡರೆ ಸಾಗಣೆ ವೆಚ್ಚವೂ ಹಂಚಿಹೋಗುತ್ತದೆ. ಊರಿನಿಂದ ದೂರವಿರುವ ನಾವು ಊರಿನ ಕಸುಬಿಗೆ ಇಷ್ಟಾದರೂ ಮಾಡಬಲ್ಲೆವು.