ಸಪ್ಪಳವಿಲ್ಲದ ಅಳು

ಮಕ್ಕಳೇ, ಮನೆಯಲ್ಲಿ ಕೂಸು ಅತ್ತರೆ ನಿಮಗೆ ಕಿರಿಕಿರಿ ಅಲ್ಲವೇ? ಅಳು ಕೇಳಲೆಂದೇ ಎರಡು ವರ್ಷ ಕಾದ ಮನೆಯೊಂದರ ಕಥೆ ಕೇಳಿ.

ಹುಮನಾಬಾದಿನಲ್ಲಿರುವ ನನ್ನ ತಂಗಿಯ ಮೊಮ್ಮಗಳು ದಿನ ತುಂಬುವ ಎರಡು ತಿಂಗಳು ಮೊದಲೇ ಹುಟ್ಟಿದಳು. ಬಾಯಿಯಿಂದ ನಳಿಕೆ ಇಳಿಸಿ, ಹಲವು ವಾರ ಯಂತ್ರದಿಂದ ಉಸಿರು ಕೊಟ್ಟರು. ಜೀವ ಉಳಿಯಿತು. ಆದರೆ ನಳಿಕೆ ತಾಗಿದ ಗಾಯ ಮಾಯುವಾಗ ಉಸಿರಿನ ದಾರಿ ಕಿರಿದಾಯಿತು. ಬೆಂಗಳೂರಿನಲ್ಲಿ ವೈದ್ಯರು ಕುತ್ತಿಗೆಯ ಮುಂದೆ ಸಣ್ಣ ತೂತು ಮಾಡಿ, ಶ್ವಾಸನಾಳಕ್ಕೇ ನಳಿಕೆ ಇಟ್ಟರು. ಇದು ಟ್ರಾಕಿಯಾಸ್ಟಮಿ.

ನಾನು ಬಸವಕಲ್ಯಾಣದಿಂದ ನೋಡಲು ಹೋದಾಗ ಏಳನೇ ತರಗತಿಯ ಅಕ್ಕ ಓಡಿಬಂದಳು. "ಮುತ್ಯಾ, ಪಾಪು ಅಳ್ತದ, ಸಪ್ಪಳಾನೇ ಬರಂಗಿಲ್ಲ!" ಧ್ವನಿಪಟ್ಟಿಗಳಿರುವುದು ನಳಿಕೆಗಿಂತ ಮೇಲೆ. ಗಾಳಿ ಅಲ್ಲಿಗೆ ಏರದೆ ಕುತ್ತಿಗೆಯಿಂದಲೇ ಹೊರಬಿದ್ದರೆ ದನಿ ಎಲ್ಲಿಂದ ಬರಬೇಕು? ಅದಕ್ಕೇ ತಾಯಿ ರಾತ್ರಿಯೆಲ್ಲ ಕೂಸಿನ ಎದೆಯ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ನಾಲ್ಕನೇ ತರಗತಿ ಓದಿದ ನನ್ನ ತಂಗಿಯೂ ಯಂತ್ರದಿಂದ ಕಫ ಹೀರುವುದನ್ನು, ನಳಿಕೆ ಜಾರಿದರೆ ಬೇರೆಯದನ್ನು ಹಾಕುವುದನ್ನು ಆಸ್ಪತ್ರೆಯಲ್ಲಿ ಕಲಿತಿದ್ದಳು.

"ಇಷ್ಟು ಜ್ವಾಕಿ ಯಾಕ ಮುತ್ಯಾ?" ಎಂದಳು ಹುಡುಗಿ. ನಾನು ಬ್ಯಾಂಕಿನ ಗುಮಾಸ್ತ, ಲೆಕ್ಕವನ್ನೇ ತೋರಿಸಿದೆ. ಆಗ ಹುಟ್ಟಿದ ಕೂಸಿನ ಶ್ವಾಸನಾಳದ ಅಗಲ ಸುಮಾರು 4 ಮಿ.ಮೀ. ಒಳಗೆ ಸುತ್ತಲೂ 1 ಮಿ.ಮೀ. ಬಾವು ಬಂದರೆ ಉಳಿಯುವುದು 2 ಮಿ.ಮೀ. ಅಗಲ ಅರ್ಧವಾದರೆ ದಾರಿ ಅರ್ಧವಲ್ಲ, ಕಾಲು ಭಾಗ! 4×4=16, 2×2=4. ದೊಡ್ಡವರ 16 ಮಿ.ಮೀ. ನಾಳದಲ್ಲಿ ಅಷ್ಟೇ ಬಾವು ಬಂದರೂ ಮುಕ್ಕಾಲಿಗಿಂತ ಹೆಚ್ಚು ದಾರಿ ಉಳಿಯುತ್ತದೆ.

ಎರಡು ವರ್ಷವಾದಾಗ ವೈದ್ಯರು ಅವಳ ಪಕ್ಕೆಲುಬಿನ ಮೆತ್ತನೆಯ ಎಲುಬಿನ ಚೂರು ತೆಗೆದು ಹೊಲಿದು, ಕಿರಿದಾದ ದಾರಿಯನ್ನು ಅಗಲ ಮಾಡಿದರು. ಕ್ಯಾಮೆರಾ ಇಳಿಸಿ ನೋಡಿದರು. ಆದರೂ ನಳಿಕೆಯನ್ನು ಒಮ್ಮೆಲೇ ಕೀಳಲಿಲ್ಲ. ಮೊದಲು ಸಣ್ಣ ನಳಿಕೆ ಹಾಕಿದರು, ಆಮೇಲೆ ಅದಕ್ಕೆ ಮುಚ್ಚಳ ಹಾಕಿ ಹಗಲು ನೋಡಿದರು, ನಿದ್ದೆಯಲ್ಲೂ ನೋಡಿದರು.

ಮುಚ್ಚಳ ಹಾಕಿದ ದಿನ ತಂಗಿ ಫೋನ್ ಮಾಡಿದಳು. ಮಾತಾಡಲಿಲ್ಲ. "ಕೇಳಣ್ಣಾ" ಎಂದು ಫೋನನ್ನು ಕೂಸಿನ ಹತ್ತಿರ ಹಿಡಿದಳು. ಒರಟು ದನಿ, ಆದರೆ ಅಳು! ಕೇಳುತ್ತ ನಾನೂ ಅತ್ತೆ. ಕೆಲವು ದಿನಗಳಲ್ಲಿ ನಳಿಕೆ ತೆಗೆದರು. ತೂತು ತಾನಾಗಿ ಮುಚ್ಚಿಕೊಂಡಿತು. ಕೆಲವು ಮಕ್ಕಳಿಗೆ ಹೊಲಿಗೆ ಬೇಕಾಗುತ್ತದೆ.

ಅಜ್ಜ–ಅಜ್ಜಿಯರಿಗೆ ಒಂದು ಮಾತು. ಆ 4×4 ಲೆಕ್ಕ ಮರೆಯಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಶೇಂಗಾ, ಪುಠಾಣಿ ಕೊಡಬೇಡಿ. ಒಂದು ಕಾಳು ಸಾಕು, ದಾರಿ ಮುಚ್ಚಲು.

ಈಗ ನಾನು ಹೋದರೆ ಬಾಗಿಲಲ್ಲೇ "ಮುತ್ಯಾ!" ಎಂದು ಕಿರುಚುತ್ತಾಳೆ. ಆ ಮನೆಯಲ್ಲಿ ಯಾರೂ ಅವಳಿಗೆ ಸುಮ್ಮನಿರು ಅನ್ನುವುದಿಲ್ಲ.